ಸಾಕು

ರಾತ್ರಿ ಎರಡೂ ಹತ್ತಕ್ಕೆ ಫೋನು:
ದೋಣಿಯ ವಿಂಚಿಗೆ ಸಿಕ್ಕವನು, ತೊಡೆ ಬಿರಿದಿದೆ,
ಹೆಸರು ಗೊತ್ತಿಲ್ಲ, ಗುಂಪು ಗೊತ್ತಿಲ್ಲ.
ಗೊತ್ತಿಲ್ಲದವರಿಗೆಲ್ಲ ನನ್ನಲ್ಲಿರುವುದು
ಓ ನೆಗೆಟಿವ್, ನಾಲ್ಕು ಚೀಲ.

ಹ್ಯಾಮರ್‌ಫೆಸ್ಟಿನ ಆಸ್ಪತ್ರೆಯ ನೆಲಮಾಳಿಗೆ ಇದು.
ನವೆಂಬರಿನಿಂದ ಸೂರ್ಯ ಮೇಲೆ ಬಂದಿಲ್ಲ,
ಇಲ್ಲಿಗಂತೂ ಯಾವತ್ತೂ ಬಂದದ್ದಿಲ್ಲ.

ಮೊದಲ ಡಬ್ಬಿ ಹೊತ್ತು ಯೋನ್ ಮೆಟ್ಟಿಲು ಹಾರಿದ.
ಪ್ಲಾಸ್ಮಾ ಕಲ್ಲಾಗಿತ್ತು, ಬಿಸಿನೀರಿಗಿಳಿಸಿದೆ;
ಕರಗುತ್ತ ಕರಗುತ್ತ ಕಾಡ್ ಮೀನಿನೆಣ್ಣೆಯ ಬಣ್ಣ.
ಅವಸರಪಡಿಸಿದರೆ ಕೆಡುತ್ತದೆ. ಇಪ್ಪತ್ತು ನಿಮಿಷ
ಗಡಿಯಾರ ನೋಡಬಾರದೆಂದು ಗೋಡೆ ನೋಡಿದೆ.
ಪ್ಲೇಟ್‌ಲೆಟ್ಟುಗಳು ತಮ್ಮ ತೊಟ್ಟಿಲಲ್ಲಿ
ಯಾರ ಅಳುವಿಗೂ ಕಾಯದೆ ತೂಗಿಕೊಳ್ಳುತ್ತಲೇ ಇದ್ದವು.

ಕೆಂಪಿಗೊಂದು ಹಳದಿ, ಅದಕ್ಕೊಂದು ಮಸುಕು:
ಬರೀ ಕೆಂಪು ಸುರಿದರೆ
ಹೆಪ್ಪುಗಟ್ಟುವುದನ್ನೇ ಮರೆಯುತ್ತದೆ ಮೈ.
"ಕ್ಯಾಲ್ಸಿಯಂ ಕೊಟ್ಟಿರಾ?" "ಕೊಟ್ಟೆವು," ಅಂದಳು ತುರಿದ್;
ಅವಳ ಹಿಂದೆ ಯಾರೋ ಜೋರಾಗಿ ಎಣಿಸುತ್ತಿದ್ದರು.
ಎರಡನೆಯ ಡಬ್ಬಿ. ಮೂರನೆಯದು.
ನಾಲ್ಕನೆಯದರಲ್ಲಿ ಹೋದ ಒಂದು ಚೀಲದ ತಾರೀಖು
ನಾನೂ ತೋಳು ಚಾಚಿ ಮಲಗಿದ್ದ ಮಂಗಳವಾರದ್ದು.

ಮೂರೂ ನಲವತ್ತಕ್ಕೆ ಮತ್ತೆ ಫೋನು: "ಸಾಕು."
ಅಷ್ಟೇ. ಇಟ್ಟುಬಿಟ್ಟರು.
ರಕ್ತ ನಿಂತರೂ ಸಾಕು, ಉಸಿರು ನಿಂತರೂ ಸಾಕು;
ಕೆಳಗಿರುವವರಿಗೆ ಬರುವುದು ಒಂದೇ ಮಾತು.

ವಾಪಸು ಬಂದ ಚೀಲದ ತಂಪು ಅಳೆದೆ, ಒಳಗಿಟ್ಟೆ.
ಕಾಫಿ ಕಾಸಿದೆ, ಕುಡಿಯಲಿಲ್ಲ.

ಆರಕ್ಕೆ ವಾರ್ಡಿನ ಮಾಮೂಲು ಟ್ರೇ,
ಹನ್ನೊಂದು ನಳಿಗೆ.
ಒಂದರ ಮೇಲೆ ರಾತ್ರಿಯ ಅದೇ ಸಂಖ್ಯೆ,
"ಅನಾಮಿಕ" ಹೊಡೆದುಹಾಕಿ, ಪಕ್ಕದಲ್ಲಿ ಪೆನ್ನಿನಲ್ಲಿ
ಐಲಿಫ್.
ನಳಿಗೆ ಇನ್ನೂ ಬೆಚ್ಚಗಿತ್ತು.