ಜ್ವರಕ್ಕೆ ಕೂತ ದಿನಗಳು

ಹಾಜರಿ ಪುಸ್ತಕದಲ್ಲಿ ಗಂಗರತ್ನಳ ಸಾಲು
ಹರಿದ ಬಲೆಯ ಹಾಗೆ.
ಇಪ್ಪತ್ತು ದಿನ ಇದ್ದಾಳೆ, ಏಳು ದಿನ ಇಲ್ಲ,
ಇಪ್ಪತ್ತೆರಡು ದಿನ ಇದ್ದಾಳೆ, ಮತ್ತೆ ಏಳು ದಿನ ಇಲ್ಲ.
ನಾನು ಗಣಿತದ ಮೇಷ್ಟ್ರು.
ಇದೂ ಒಂದು ಶ್ರೇಢಿ ಎಂದು ತಿಳಿಯಲು
ಎರಡು ವರ್ಷ ಬೇಕಾಯಿತು.

ಅದಕ್ಕೂ ಮುಂಚೆ ಏನು ಮಾಡಿದೆ?
ಕೆಂಪು ಶಾಯಿಯಲ್ಲಿ ‘ಗೈ’ ಎಂದು ಬರೆದೆ.
ಕಿವಿ ಹಿಂಡಲಿಲ್ಲ, ಅದು ಈಗ ಅಪರಾಧ;
ಮಾತಲ್ಲಿ ಹಿಂಡಿದೆ, ಅದಕ್ಕೆ ಗಾಯ ಕಾಣುವುದಿಲ್ಲ.
ಪೋಷಕರ ಸಭೆಗೆ ಅವಳಪ್ಪ ಬಾರದಿದ್ದಾಗ
ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತ
‘ಇವರಿಗೆಲ್ಲ ಓದು ಬೇಕಾಗಿಲ್ಲ’ ಎಂದೆ.
ಯಾರೂ ಅಲ್ಲ ಎನ್ನಲಿಲ್ಲ. ಟೀ ಚೆನ್ನಾಗಿತ್ತು.

ಶಾಹಿದಾ ಮೇಡಂ ಹೆಡ್‌ಮೇಡಂ ಆಗಿ ಬಂದದ್ದು ಆ ಜೂನಿನಲ್ಲಿ.
ಭಾಷಣ ಮಾಡಲಿಲ್ಲ. ಫಲಿತಾಂಶದ ಪಟ್ಟಿಯನ್ನು
ಗೋಡೆಯಿಂದ ಇಳಿಸಿ ಬೀರುವಿನೊಳಗಿಟ್ಟರು.
‘ಸಂಜೆ ಒಂದೊಂದು ಮನೆ,’ ಎಂದರು,
‘ಉಪದೇಶ ಬೇಡ. ನೋಡಿಕೊಂಡು ಬನ್ನಿ.’

ನನ್ನ ಪಾಲಿಗೆ ಗಂಗರತ್ನಳ ಮನೆ:
ಚೀಮಂಗಲದಾಚೆ, ಹಿಪ್ಪುನೇರಳೆ ತೋಟದ ಅಂಚು,
ಮುಂದೆ ದೊಡ್ಡ ಹುಳುಮನೆ, ಹಿಂದೆ ಮನುಷ್ಯರಿಗೊಂದೇ ಕೋಣೆ.
ಒಳಗೆ ಕಾಲಿಟ್ಟರೆ ಪರೀಕ್ಷೆ ಹಾಲಿನ ಸದ್ದು,
ಸಾವಿರ ಮಕ್ಕಳು ಒಟ್ಟಿಗೆ ಪ್ರಶ್ನೆಪತ್ರಿಕೆ ತಿರುವಿದ ಹಾಗೆ
ಹುಳುಗಳು ಸೊಪ್ಪು ಮೇಯುತ್ತಿದ್ದವು.

ಗಂಗರತ್ನ ತಟ್ಟೆ ತಟ್ಟೆಗೆ ಸೊಪ್ಪು ಹಾಸುತ್ತ
ಹಿಂದಿನ ಸಾಲಿನ ಒಂದನ್ನು ಹಾಗೇ ಬಿಟ್ಟು ನಡೆದಳು.
ಮೇಷ್ಟ್ರಲ್ಲವೆ, ತಪ್ಪು ಹಿಡಿದೆ: ‘ಅದಕ್ಕೆ ಹಾಕಲಿಲ್ಲ.’
‘ಅವು ಜ್ವರಕ್ಕೆ ಕೂತವೆ ಸಾರ್.
ಈಗ ಹಾಕಿದ್ರೆ ತಿನ್ನಲ್ಲ, ಸೊಪ್ಪಿನಡಿ ಕೊಳೀತವೆ.
ತಲೆ ಎತ್ತಿಕೊಂಡವೆ ನೋಡಿ,
ನಿದ್ದೆ ಅಲ್ಲ ಅದು. ಹಳೇ ಚರ್ಮ ಬಿಡ್ತಾವೆ.
ನಾಳೆ ಎದ್ದು ಕೇಳ್ತವೆ. ಆಗ ಮಾತ್ರ ತಡ ಮಾಡಬಾರದು.’

ನೂರು ಮೊಟ್ಟೆಗೆ ಇಷ್ಟು ಕೆಜಿ ಗೂಡು,
ಸುಣ್ಣಕಟ್ಟಿಗೆ ಹೋದದ್ದು ಇಷ್ಟು, ದರ ಬಿದ್ದರೆ ಇಷ್ಟು ನಷ್ಟ,
ಶೇಕಡಾವಾರಿನಲ್ಲಿ ಇಪ್ಪತ್ತಕ್ಕೆ ಮೂರು
ನಾನೇ ಕೊಟ್ಟಿದ್ದ ಹುಡುಗಿ
ಬೆರಳೂ ಮಡಿಸದೆ ಹೇಳಿದಳು.
ಅವಳಪ್ಪ ಅಂಗಳದಲ್ಲಿ ಚಂದ್ರಂಕಿ ಒಣಗಿಸುತ್ತಿದ್ದ.
ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸಿದ,
ತಾತ್ಪರ್ಯ ಇಷ್ಟೇ:
ಸಭೆಯ ದಿನ ಹುಳು ಹಣ್ಣಾಗಿತ್ತು.

ಆಮೇಲೆ ದೊಡ್ಡದೇನೂ ಆಗಲಿಲ್ಲ.
ಹಾಜರಿಯ ಪಕ್ಕ ಇನ್ನೊಂದು ನೋಟ್‌ಬುಕ್ ಬಂತು:
ಯಾರ ಮನೆಯಲ್ಲಿ ಎಷ್ಟನೇ ಜ್ವರ.
ಕಿರುಪರೀಕ್ಷೆ ಆ ವಾರಗಳನ್ನು ತಪ್ಪಿಸಿ ನಡೆಯಿತು.
‘ಇದೇನು ಸ್ಕೂಲೋ, ರೇಷ್ಮೆ ಇಲಾಖೆಯೋ’
ಎಂದು ಗೊಣಗಿದವರು ವೆಂಕಟರವಣಪ್ಪ;
ಬೆಳಗ್ಗೆ ಏಳಕ್ಕೆ ಬಂದು ತಪ್ಪಿದ ಪಾಠ ಮಾಡಿದವರೂ ಅವರೇ.

ಎಲ್ಲ ಸರಿಹೋಯಿತು ಎಂದೇನಲ್ಲ.
ನೂಲು ಬಿಚ್ಚುವ ಬಿಸಿನೀರಿಗೆ ಬೆರಳ ತುದಿ ಸುಲಿದ ಇಮ್ದಾದ್
ಎಂಟನೇ ತರಗತಿಯಲ್ಲೇ ನಿಂತ.
ಮೇಡಂ ಅವನ ಮನೆಗೆ ಆರು ಸಲ ಹೋದರು.
ಬಂದಿಲ್ಲ. ಅವನ ಹೆಸರನ್ನು ಹೊಡೆದುಹಾಕಿಲ್ಲ ಇನ್ನೂ,
ದಿನಾ ಕೂಗುತ್ತೇವೆ,
ಕೂಗಿ ಒಂದು ಉಸಿರಿನಷ್ಟು ಕಾಯುತ್ತೇವೆ.

ನಾನು ಕಲಿತದ್ದು ಕಡಿಮೆ.
ಬೋರ್ಡಿನ ಮುಂದೆ ಸುಮ್ಮನೆ ನಿಂತ ಮಗುವಿನ ಮೇಲೆ
ಇನ್ನೊಂದು ಹೊರೆ ಸೊಪ್ಪು ಸುರಿಯುವುದು ಬಿಟ್ಟೆ.
ತಲೆ ಎತ್ತಿದೆಯೋ ನೋಡುತ್ತೇನೆ.
ಕೇಳಿದ ದಿನ ತಡ ಮಾಡುವುದಿಲ್ಲ.

ಹೋಲಿಕೆ ಇಲ್ಲಿಗೇ ನಿಲ್ಲಬೇಕು.
ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟು ನೋಡಿದ್ದೇನೆ:
ಒಳ್ಳೆ ಗೂಡಿಗೆ ಒಳ್ಳೆ ದರ, ಆಮೇಲೆ ಕುದಿನೀರು.
ನೂಲಿನ ಹೊಳಪು ನೋಡಿದವರು
ಒಳಗಿದ್ದದ್ದು ಏನಾಯಿತೆಂದು ಕೇಳುವುದಿಲ್ಲ.
ಪಟ್ಟಿ ಬೀರುವಿನೊಳಗೇ ಇರಲಿ.

ಗಂಗರತ್ನ, ಗಣಿತದಲ್ಲಿ ಐವತ್ತೊಂದು.
ಪಿಯುಸಿ ಅರ್ಜಿ ತುಂಬಲು ಬಂದವಳು
ಅರ್ಧಕ್ಕೇ ಎದ್ದಳು, ‘ನಾಲ್ಕನೇ ಜ್ವರ ಎದ್ದವೆ ಸಾರ್,’
ಸೈಕಲ್ ಹತ್ತಿ ಹೋದಳು.
‘ಆಯ್ದುಕೊಂಡ ವಿಷಯ’ ಎಂಬಲ್ಲಿ ಖಾಲಿ.
ತುಂಬಿಬಿಡೋಣ ಎಂದು ಪೆನ್ನು ಎತ್ತಿದೆ.
ಇಳಿಸಿದೆ.