ನಾಕು ಹಾಳೆ

ಮಂಡ್ಯ, ನೂರಡಿ ರಸ್ತೆ. ರಾತ್ರಿ ಎಂಟೂಮುಕ್ಕಾಲು.
ಸ್ಪೈರಲ್ ಯಂತ್ರದ ಹಲ್ಲಿಗೆ ಸಿಕ್ಕ ಕಾಗದ
ಬಿಡಿಸುತ್ತಿದ್ದೆ.
ಕೌಂಟರಿನಾಚೆ ಜಗಳ: ಯಾವುದು ಕಷ್ಟ?

ಎಂ-ತ್ರೀಯಲ್ಲಿ ಮೂರು ಸಲ ಮಗುಚಿದ ಚೆಲುವರಾಜು
ಇಂಟಿಗ್ರೇಷನ್ನಿನ ಕೊಕ್ಕೆಗೆ ಕತ್ತು ಕೊಟ್ಟವನ ಹಾಗೆ ನಿಂತಿದ್ದ.
ಇಂಪನಾ, ಮೆಡಿಕಲ್ಲು, ಬೆರಳಲ್ಲಿನ್ನೂ ಫಾರ್ಮಲಿನ್ ವಾಸನೆ,
ಮಣಿಕಟ್ಟಿನ ಎಂಟೂ ಮೂಳೆಗಳ ಹೆಸರು
ಒಂದೇ ಉಸಿರಿಗೆ ಒದರಿ,
'ನೀನು ತಪ್ಪಿದ್ರೆ ಸಪ್ಲಿಮೆಂಟರಿ, ನಾನು ತಪ್ಪಿದ್ರೆ ತಿಥಿ' ಅಂದಳು.
'ಸೇತುವೆ ಬಿದ್ರೆ?'
'ನಿನ್ನ ಕೈಗೆ ಯಾರು ಕೊಡ್ತಾರೆ ಸೇತುವೆ?'

ನನ್ನ ಲೆಕ್ಕ ಬೇರೆ.
ಅವನದು ಇನ್ನೂರು ಹಾಳೆ. ಅವಳದು ಆರುನೂರು,
ಎರಡು ಸಂಪುಟ ಮಾಡದಿದ್ದರೆ ಸುರುಳಿ ಬಾಯಿಬಿಡುತ್ತದೆ.
ಲಾ ಕಾಲೇಜಿನದು ಮಾತ್ರ
ದಿನಕ್ಕೆ ನಾಕೇ ಹಾಳೆ:
ತಗ್ಗಹಳ್ಳಿಯ ಸಣ್ಣತಾಯಮ್ಮ, ನಲವತ್ತಾರು ವಯಸ್ಸು,
ಕೊನೆ ಬಸ್ಸಿಗೆ ಹತ್ತು ನಿಮಿಷ ಇರುವಾಗ ಬರುತ್ತಾಳೆ,
ಚೀಲದಲ್ಲಿ ಅಣ್ಣಂದಿರ ಮೇಲಿನ ಪಾಲಿನ ದಾವೆ,
ವಕೀಲರು ಮೂರು ಜನ ಬಿಟ್ಟುಹೋದದ್ದು.

'ನೀವೇ ಏಳಕ್ಕಾ, ಯಾವ್ದು ಕಷ್ಟ?'

ಅವಳು ಚಿಲ್ಲರೆ ಎಣಿಸುತ್ತಿದ್ದಳು.
ನನ್ನ ಕಡೆ ತಿರುಗಿ,
'ಅಕ್ಷರ ವಸಿ ದಪ್ಪ ಮಾಡ್ಕೊಡಣ್ಣ,
ಬಸ್ಸಲ್ಲಿ ಲೈಟಿರಕಿಲ್ಲ.'

ದಪ್ಪ ಮಾಡಿದೆ. ನಾಕು ಎಂಟಾಯಿತು.
ನಾಕಕ್ಕೇ ದುಡ್ಡು ತಗೊಂಡದ್ದನ್ನ
ಹುಡುಗರಿಬ್ಬರೂ ನೋಡಿಬಿಟ್ಟರು.
ನಾಳೆಯಿಂದ ಅವರೂ ಕೇಳುತ್ತಾರೆ.