ಉಷ್ಣವೋ ಶೀತವೋ

ಸಂತೇಪೇಟೆಯ ನನ್ನ ಗ್ರಂಧಿಗೆ ಅಂಗಡಿಯಲ್ಲಿ
ನೂರಾ ನಾಲ್ಕು ಗೂಡು.
ಕಣ್ಣು ಕಟ್ಟಿದರೂ ಕೈ ಹೋಗುತ್ತದೆ
ಬಜೆಗೆ, ಹಿಪ್ಪಲಿಗೆ, ಅಳಲೆಕಾಯಿಗೆ;
ಲಾವಂಚ ಹೋದ ವರ್ಷದ್ದು ಅಂತ ಮೂಗೇ ಹೇಳುತ್ತದೆ.

ಮೊನ್ನೆ ಮಂಗಳವಾರ, ಇನ್ನೂ ಬೋಣಿಯಾಗಿಲ್ಲ,
ಗೋಕುಲಂನಿಂದ ದೇವಾಜಮ್ಮ ಬಂದರು.
ಹಿಂದೆಯೇ ಅವರ ಮಹಡಿ ಮನೆಯ ಬಾಡಿಗೆ ಹುಡುಗಿ, ಸು-ಯೊನ್,
ಯೋಗ ಕಲಿಯಲು ಕೊರಿಯಾ ಬಿಟ್ಟು ಬಂದವಳು.
ದೇವಾಜಮ್ಮನ ಸೊಸೆ ಒಂಬತ್ತು ದಿನದ ಬಾಣಂತಿ.

ಹುಡುಗಿ ಕಾಗದ ಬಿಚ್ಚಿದಳು.
ಕಪ್ಪು. ಸವೆದ ಚಪ್ಪಲಿಯ ಅಟ್ಟೆಯಂಥದು,
ಮೈಮೇಲೆ ಬಿಳೀ ಹುಡಿ.
ಬೂಷ್ಟೆಂದು ಒರೆಸಹೋದೆ, ಕೈ ತಡೆದಳು.
ನಾಲಿಗೆಗಿಟ್ಟೆ:
ಉಪ್ಪು, ಉಪ್ಪಿನ ಬೆನ್ನಿಗೇ ಒಂದೆಳೆ ಸಿಹಿ.
ಇನ್ನೊಂದು ಪೊಟ್ಟಣದಲ್ಲಿ ಇದರ ತಂಗಿ,
ತೆಳ್ಳಗೆ, ಮುದುಡಿ, ಮುಟ್ಟಿದರೆ ಪುಡಿ.

‘ಕಡಲ ಸೊಪ್ಪಂತೆ ಶೆಟ್ಟರೇ.
ಅವರ ಕಡೆ ಹೆತ್ತವಳಿಗೆ ಮೂರು ವಾರ ಇದೇ ಸಾರಂತೆ.
ದಪ್ಪದ್ದು ಕುದಿಸಿ ತೆಗೆಯುವುದಕ್ಕೆ, ತೆಳುವಿನದು ತಿನ್ನುವುದಕ್ಕೆ.
ಹುಟ್ಟಿದ ಹಬ್ಬಕ್ಕೂ ಪಾಯಸವಲ್ಲವಂತೆ, ಇದೇ,
ತಾಯಿ ಅಂದು ಕುಡಿದದ್ದು ಮರೆಯಬಾರದೂಂತ.
ಮಾಡಿಕೊಡ್ತೀನಿ ಅಂತ ಕೂತಿದಾಳೆ.
ನೀವೊಂದು ಮಾತು ಹೇಳಿ,
ಉಷ್ಣವೋ, ಶೀತವೋ?’

ಅಪ್ಪ ಬರೆದಿಟ್ಟ ಪುಸ್ತಕದಲ್ಲಿ ಕಡಲಿನದೆಂದು ಇರುವುದು
ಶಂಖ, ಮುತ್ತು, ಸಮುದ್ರದ ನೊರೆ.
ಸೊಪ್ಪಿಲ್ಲ.
ಕನ್ನಂಬಾಡಿ ಕಟ್ಟೆ ತುಂಬಿದ ದಿನ
‘ಸಮುದ್ರ ಕಣೋ’ ಎಂದು ಮಗನಿಗೆ ತೋರಿಸಿದವನು ನಾನು.

ಹಿತ್ತಾಳೆ ಚೊಂಬಿನ ನೀರಿಗೆ ಒಂದು ಹಿಡಿ ಹಾಕಿ
ಯಾರಿಗೋ ಓಮ ತೂಗಿ ತಿರುಗುವಷ್ಟರಲ್ಲಿ
ಕಂಠದಿಂದ ಹೊರಗೆ ತುಳುಕಿತ್ತು
ಹಸಿರು, ನುಣುಪು, ಈಗಷ್ಟೇ ಎದ್ದುಬಂದಂತೆ.

ಕಂಠ ಅಂದೆನಲ್ಲ. ಅಮ್ಮನ ಕೊರಳು.
ನಿಂಬೆಯಾಗಿ ಶುರುವಾಗಿ ಹೇರಳೆಯಾದ ಗಳಗಂಡ.
ಅಪ್ಪನ ತೊಗಟೆಯ ಲೇಪಕ್ಕೆಲ್ಲ ಅದು ಕಿವಿಗೊಡಲಿಲ್ಲ.
ಸ್ಟುಡಿಯೋದವನು ‘ಸೆರಗು ಸರಿಸಿ ತಾಯಿ’ ಅಂದದ್ದಕ್ಕೆ
ಎದ್ದು ಬಂದವಳು,
ಮನೆಯಲ್ಲಿ ಅವಳ ಒಂದು ಪಟವಿಲ್ಲ.
ದೊಡ್ಡಾಸ್ಪತ್ರೆಯ ಡಾಕ್ಟರು ಕೊನೆಗೆ ಹೇಳಿದ್ದಿಷ್ಟೆ:
ಅಯೋಡಿನ್ ಸಾಲದೆ ಹೋಗಿದೆ.
ನೂರಾ ನಾಲ್ಕು ಗೂಡಿನ ಒಡತಿಗೆ
ಸಾಲದೆ ಹೋಗಿದ್ದು ಈ ಅಟ್ಟೆಯಲ್ಲಿ ಬೇಕಾದಷ್ಟಿತ್ತು.

ಆದರೆ ಬೇಕಾದಷ್ಟು ಅಂದರೆ ಎಷ್ಟು?
ತಕ್ಕಡಿ ಹಿಡಿದವನಿಗೆ ಅದೇ ಭಯ.
ಮಿತಿ ದಾಟಿದರೆ ಅದೇ ಕೊರಳಿಗೆ ಅದೇ ಶತ್ರು;
ಹಾಲಿನಲ್ಲಿ ಇಳಿದರೆ ಕೂಸಿನ ಕೊರಳಿಗೂ.

‘ಉಷ್ಣವೂ ಅಲ್ಲ, ಶೀತವೂ ಅಲ್ಲ, ಉಪ್ಪು’ ಅಂದೆ.
‘ಥೈರಾಯ್ಡ್ ಮಾತ್ರೆ ಇದೆಯೋ ಕೇಳಿ. ಹೆರಿಗೆ ಮಾಡಿಸಿದ ಡಾಕ್ಟರಿಗೆ ತೋರಿಸಿ.
ಹೂಂ ಅಂದರೆ ಒಂದು ದಿನ, ಒಂದು ಬಟ್ಟಲು.
ಮೂರು ವಾರ ಬೇಡ.’
ದೇವಾಜಮ್ಮ ಅದನ್ನು ಹುಡುಗಿಗೆ ಕೈಸನ್ನೆಯಲ್ಲಿ ಹೇಳಿದರು;
ಮೂರು ಬೆರಳು ಮಡಚಿ, ಒಂದು ಎತ್ತಿ.

ಚೊಂಬಿನದನ್ನು ಮನೆಗೆ ಒಯ್ದು ಸಾರಿಗೆ ಬಿಟ್ಟೆ.
‘ಮೀನಿನ ವಾಸನೆ!’ ಎಂದು ನನ್ನವಳು
ಪಾತ್ರೆಸಮೇತ ಕರಿಬೇವಿನ ಬುಡಕ್ಕೆ ಸುರಿದಳು.

ಈವತ್ತು ದೇವಾಜಮ್ಮ ಬಾಣಂತಿ ಖಾರಕ್ಕೆ ಬಂದಿದ್ದರು.
ಡಾಕ್ಟರು ಹೂಂ ಅಂದರಂತೆ.
‘ಕುಡಿದಳು. ಬಟ್ಟಲು ನೆಕ್ಕಿದಳು.
ಹಾಲೇನೋ ಬಂತು,
ಸುಮ್ಮನಿದ್ದರೂ ಬರುತ್ತಿತ್ತು ಅನ್ನಿ.’

ಉಳಿದ ಅಂಗೈಯಗಲದ ತುಂಡನ್ನು
ಅಮ್ಮನ ಎಲೆಯಡಿಕೆ ಇಡುತ್ತಿದ್ದ ಖಾಲಿ ಗೂಡಿಗೆ ಹಾಕಿದೆ.
ಚೀಟಿ ಅಂಟಿಸಿಲ್ಲ.
ಕೇಳಿಕೊಂಡು ಯಾರೂ ಬರುವುದಿಲ್ಲ;
ಬಂದರೆ, ತೂಕ ಮಾಡುವ ಮುಂಚೆ
ಕೊರಳು ನೋಡುತ್ತೇನೆ.